ಫ್ರಾಯ್ಡ್ ನಂತರದ ಸುಪ್ತಮನಸ್ಸು: ಹನ್ನೆರಡು ಉಪನ್ಯಾಸಗಳ ಪಾಠಮಾಲೆಯೊಂದರ ವಿಮರ್ಶೆ

ಸುಪ್ತಮನಸ್ಸಿನ ಬಗ್ಗೆ ಬಹುಕಾಲ ನಾನು ತಿಳಿದುಕೊಂಡಿದ್ದೆಲ್ಲವೂ ಮನೋವಿಶ್ಲೇಷಣೆಯನ್ನು ಹುಟ್ಟುಹಾಕಿದ ವೈದ್ಯ ಸಿಗ್ಮಂಡ್ ಫ್ರಾಯ್ಡ್ ಅವರಿಂದ ಬಂದದ್ದು. ಕನಸುಗಳ ಅರ್ಥವಿವರಣೆ, ಲೋಕದೊಡನೆ ವ್ಯವಹರಿಸುವ ‘ನಾನು’ ಎಂಬ ಅಹಂ ಮತ್ತು ಒಳಗಿನ ನೀತಿಪಾಲಕನಾದ ಅತ್ಯಹಂಗಳ ತಿಕ್ಕಾಟ, ಬಹುಪಾಲು ನೀರಿನಡಿ ಮುಳುಗಿರುವ ಹಿಮಬಂಡೆಯ ಚಿತ್ರ, ಇಷ್ಟಕ್ಕೆ ನನ್ನ ತಿಳಿವಳಿಕೆ ನಿಂತಿತ್ತು. ಫ್ರಾಯ್ಡ್ ಅವರೊಡನೆ ಕುಳಿತು ವಾದಿಸಿದವರು, ಅವರಿಂದ ದೂರ ಸರಿದವರು, ಅವರ ಪ್ರಶ್ನೆಗಳನ್ನೇ ಬೇರೆ ದಿಕ್ಕಿಗೆ ಹೊರಳಿಸಿದವರು ಏನು ಹೇಳಿದರೆಂಬುದನ್ನು ಕ್ರಮವಾಗಿ ಕಲಿಯಬೇಕೆಂಬ ಆಸೆಯಿಂದ, ನವಮನೋವಿಶ್ಲೇಷಣೆಯ, ಅಂದರೆ ಫ್ರಾಯ್ಡ್ ನಂತರ ಬೆಳೆದ ಮನೋವಿಶ್ಲೇಷಣೆಯ, ವ್ಯಕ್ತಿತ್ವ ಸಿದ್ಧಾಂತಗಳನ್ನು ಕುರಿತ ಆನ್‌ಲೈನ್ ಪಾಠಮಾಲೆಯೊಂದಕ್ಕೆ ಶುಲ್ಕ ಕಟ್ಟಿ ಸೇರಿಕೊಂಡೆ. ಉಪನ್ಯಾಸಗಳು ಕನ್ನಡದಲ್ಲೇ ಇವೆ. ಎಲ್ಲವೂ ಮೊದಲೇ ಧ್ವನಿಮುದ್ರಿಸಿದಂಥವು. ಒಂದೊಂದೂ ಸುಮಾರು 50 ನಿಮಿಷದ್ದು. ಪ್ರತಿ ಉಪನ್ಯಾಸದ ಜೊತೆಗೆ ಒಂದು ಟಿಪ್ಪಣಿ ಪುಸ್ತಿಕೆ, ಮನೆಯಲ್ಲಿ ಮಾಡಬೇಕಾದ ಒಂದು ಅಭ್ಯಾಸ ಮತ್ತು ಒಂದು ಕಿರುಪರೀಕ್ಷೆ ಇರುತ್ತವೆ. ವಾರಕ್ಕೊಂದರಂತೆ ಕೇಳುತ್ತಾ, ಎರಡನ್ನು ಮತ್ತೊಮ್ಮೆ ಕೇಳಿ, 14 ವಾರಗಳಲ್ಲಿ ಮುಗಿಸಿದ್ದೇನೆ.

ಕೊಟ್ಟ ಹಣಕ್ಕೆ ಮೋಸವಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಅದಕ್ಕೆ ಮುಖ್ಯ ಕಾರಣ, ಉಪನ್ಯಾಸಕಿಯವರು ಒಂದೇ ಪ್ರಶ್ನೆಯನ್ನು ಕೈಬಿಡದೆ ಹಿಡಿದುಕೊಂಡಿರುವುದು. ಸುಪ್ತಮನಸ್ಸು ಎಂಬುದು ಹಿಂದೆ ನಡೆದುಹೋದದ್ದನ್ನು ಹೂತಿಟ್ಟ ಜಾಗವೋ, ಅಥವಾ ಈ ಹೊತ್ತಿನಲ್ಲಿ, ಎದುರಿಗಿರುವ ಮನುಷ್ಯನೊಡನೆ ವ್ಯವಹರಿಸುವಾಗ, ನಮಗೇ ಗೊತ್ತಾಗದಂತೆ ನಡೆಯುತ್ತಿರುವ ಕೆಲಸವೋ? ಫ್ರಾಯ್ಡ್ ಅವರ ಬರವಣಿಗೆಯಲ್ಲಿ ಎರಡಕ್ಕೂ ಎಡೆಯಿದ್ದರೂ ತೂಕ ಮೊದಲನೆಯದರ ಕಡೆಗಿದೆ. ಅವರ ನಂತರ ಬಂದವರಲ್ಲಿ ಹೆಚ್ಚಿನವರು ಒಬ್ಬೊಬ್ಬರೂ ಒಂದೊಂದು ದಾರಿಯಿಂದ ಎರಡನೆಯದರ ಕಡೆಗೆ ಸರಿದರು. ಈ ಪ್ರಶ್ನೆ ಉಪನ್ಯಾಸದ ಮುಂದೆ ನಿಂತಿರುವಷ್ಟು ಹೊತ್ತು ಪಾಠ ಗಟ್ಟಿಯಾಗಿರುತ್ತದೆ. ಅದು ಮರೆತುಹೋದ ಕಡೆ ಪಾಠ ಸಡಿಲವಾಗುತ್ತದೆ, ಮತ್ತು ಅಂಥ ಕಡೆಗಳೂ ಇವೆ.

ಮೊದಲ ಉಪನ್ಯಾಸ ಹಿನ್ನೆಲೆಗಷ್ಟೇ ಸೀಮಿತ. 1902ರಲ್ಲಿ ವಿಯೆನ್ನಾದ ಫ್ರಾಯ್ಡ್ ಅವರ ಮನೆಯಲ್ಲಿ ಬುಧವಾರದ ಸಭೆಗಳು ಶುರುವಾದವು, ಆಲ್ಫ್ರೆಡ್ ಆಡ್ಲರ್ ಅಲ್ಲಿ ಆರಂಭದಿಂದಲೂ ಇದ್ದರು. ಆಡ್ಲರ್ ಅವರನ್ನು ಫ್ರಾಯ್ಡ್ ಅವರ ಶಿಷ್ಯರೆಂದು ಕರೆಯುವುದು ಸರಿಯಲ್ಲ, ಅವರು ತಮ್ಮದೇ ವಿಚಾರಗಳನ್ನಿಟ್ಟುಕೊಂಡು ಬಂದ ವೈದ್ಯರು ಎಂದು ಉಪನ್ಯಾಸಕಿಯವರು ಸ್ಪಷ್ಟವಾಗಿ ಹೇಳಿರುವುದು ನನಗೆ ಮೆಚ್ಚುಗೆಯಾಯಿತು.

ಕೆಲಕಾಲ ಫ್ರಾಯ್ಡ್ ಅವರ ಜೊತೆಗಿದ್ದು ಆಮೇಲೆ ಬೇರೆಯಾದ ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್ ಅವರಿಗೆ ಮೂರು ಉಪನ್ಯಾಸಗಳು ಮೀಸಲಾಗಿವೆ. ಅವುಗಳಲ್ಲಿ ಮೊದಲನೆಯದು ಬಲು ಸೊಗಸಾಗಿದೆ, ಏಕೆಂದರೆ ಅದು ಸಾಮೂಹಿಕ ಸುಪ್ತಮನಸ್ಸು (ಮನುಷ್ಯರೆಲ್ಲರೂ ಹಂಚಿಕೊಂಡದ್ದು), ಮೂಲಪ್ರತಿಮೆ (ಅದರಲ್ಲಿ ನೆಲೆಸಿರುವ ಆದಿಮ ಚಿತ್ರ) ಮುಂತಾದ ದೊಡ್ಡ ಮಾತುಗಳಿಂದ ಆರಂಭವಾಗದೆ, ಜ್ಯೂರಿಕ್‌ನ ಬುರ್ಗ್‌ಹೋಲ್ಟ್ಸ್‌ಲಿ ಆಸ್ಪತ್ರೆಯಲ್ಲಿ ಯುವ ವೈದ್ಯರಾಗಿದ್ದ ಯೂಂಗ್ ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ರೋಗಿಯ ಎದುರು ಕುಳಿತ ಚಿತ್ರದಿಂದ ಆರಂಭವಾಗುತ್ತದೆ. ಅವರು ಒಂದೊಂದೇ ಪದ ಹೇಳುತ್ತಾರೆ; ಕೇಳಿದವರು ತಮಗೆ ಮೊದಲು ಹೊಳೆದ ಪದವನ್ನು ಹೇಳಬೇಕು. ತಲೆ, ಹಸಿರು, ನೀರು, ಹಾಡುವುದು, ಸಾವು, ಹೀಗೆ 100 ಪದಗಳ ಪಟ್ಟಿ. ಉತ್ತರ ಬರಲು ಹಿಡಿದ ಸಮಯವನ್ನು ಸೆಕೆಂಡಿನ ಐದನೆಯ ಒಂದು ಭಾಗದಷ್ಟು ಸೂಕ್ಷ್ಮವಾಗಿ ಗುರುತು ಹಾಕಿಕೊಳ್ಳಲಾಗುತ್ತಿತ್ತು. ಪಟ್ಟಿ ಮುಗಿದ ಮೇಲೆ ಅದೇ ಪದಗಳನ್ನು ಮತ್ತೆ ಹೇಳಿ, ಮೊದಲು ಕೊಟ್ಟ ಉತ್ತರವನ್ನೇ ನೆನಪಿಸಿಕೊಳ್ಳುವಂತೆ ಕೇಳುತ್ತಿದ್ದರು. ತಡವಾದ ಉತ್ತರ, ತಪ್ಪಿದ ನೆನಪು, ಅಕಾರಣವಾದ ನಗು ಅಥವಾ ತೊದಲು, ಇವೆಲ್ಲವೂ ಒಂದೇ ವಿಷಯದ ಸುತ್ತ ಗುಂಪುಗೂಡಿದಾಗ, ಆ ವಿಷಯದ ಸುತ್ತ ಭಾವನೆಯ ಗಂಟೊಂದು ಕಟ್ಟಿಕೊಂಡಿದೆ ಎಂದು ಯೂಂಗ್ ಊಹಿಸುತ್ತಿದ್ದರು. ಇಂದು ನಾವು ದಿನಬಳಕೆಯಲ್ಲಿ ‘ಕಾಂಪ್ಲೆಕ್ಸ್’ ಎನ್ನುವ ಮಾತು ಜನಜನಿತವಾದದ್ದು ಈ ಕೆಲಸದಿಂದ.

ಈ ಉಪನ್ಯಾಸದ ಅಭ್ಯಾಸವಾಗಿ ಕನ್ನಡಕ್ಕೆ ಹೊಂದಿಸಿದ 40 ಪದಗಳ ಪಟ್ಟಿಯನ್ನು ಕೊಟ್ಟಿದ್ದಾರೆ. ನಾನು ಅದನ್ನು ಸ್ನೇಹಿತರೊಬ್ಬರ ಕೈಗೆ ಕೊಟ್ಟು, ಫೋನಿನ ಸ್ಟಾಪ್‌ವಾಚ್ ಇಟ್ಟುಕೊಂಡು ಓದಲು ಹೇಳಿದೆ. ‘ಮರ’ಕ್ಕೆ ‘ಎಲೆ’, ‘ಬಿಳಿ’ಗೆ ‘ಹಾಲು’ ಎಂದು ಸರಾಗವಾಗಿ ಹೋಗುತ್ತಿದ್ದ ಉತ್ತರಗಳು ‘ಪತ್ರ’ ಎಂಬ ಪದದ ಬಳಿ ನಿಂತುಬಿಟ್ಟವು. ನಾಲ್ಕು ಸೆಕೆಂಡುಗಳ ನಂತರ ‘ಕಾಗದ’ ಎಂದೆ. ಎರಡನೆಯ ಸುತ್ತಿನಲ್ಲಿ ‘ಅಂಚೆ’ ಎಂದೆ, ಅದನ್ನೇ ಮೊದಲೂ ಹೇಳಿದ್ದೆನೆಂದು ವಾದಿಸಿದೆ. ಸ್ನೇಹಿತರು ಬರೆದಿಟ್ಟುಕೊಂಡಿದ್ದ ಹಾಳೆಯನ್ನು ತೋರಿಸಿದಾಗಲೇ, ಎಷ್ಟೋ ತಿಂಗಳಿನಿಂದ ಉತ್ತರ ಬರೆಯದೆ ಮೇಜಿನ ಸೆಳೆಖಾನೆಯಲ್ಲಿ ಇಟ್ಟುಕೊಂಡಿದ್ದ ಪತ್ರವೊಂದು ನೆನಪಿಗೆ ಬಂದದ್ದು. ಸುಪ್ತಮನಸ್ಸನ್ನು ಕುರಿತು ನೂರು ಪುಟ ಓದಿದರೂ ಆಗದ ಮನವರಿಕೆ ಆ ನಾಲ್ಕು ಸೆಕೆಂಡುಗಳಲ್ಲಿ ಆಯಿತು. ಆ ಪತ್ರ ಇರುವುದು ನನಗೆ ಗೊತ್ತೇ ಇತ್ತು; ಅದು ನನ್ನ ಮಾತಿನೊಳಗೆ ಕೈಹಾಕುತ್ತಿದೆ ಎಂಬುದು ಗೊತ್ತಿರಲಿಲ್ಲ.

ಉಳಿದೆರಡು ಯೂಂಗ್ ಉಪನ್ಯಾಸಗಳ ಬಗ್ಗೆ ಇಷ್ಟೇ ಉತ್ಸಾಹದಿಂದ ಬರೆಯಲಾರೆ. ಲೋಕಕ್ಕೆ ತೋರಿಸುವ ಮುಖವಾಡ, ನಮ್ಮಿಂದಲೇ ಮರೆಮಾಡಿದ ನೆರಳು, ಗಂಡಿನೊಳಗಿನ ಹೆಣ್ಣಾದ ಅನಿಮಾ, ಹೆಣ್ಣಿನೊಳಗಿನ ಗಂಡಾದ ಅನಿಮಸ್ ಮುಂತಾದ ಮೂಲಪ್ರತಿಮೆಗಳನ್ನು ಅಂಗಾಂಗಗಳ ಹೆಸರು ಹೇಳುವಂತೆ ಒಂದರ ಹಿಂದೆ ಒಂದರಂತೆ ವಿವರಿಸುತ್ತಾ ಹೋಗಿದ್ದಾರೆ. ಎಲ್ಲ ಕಾಲ ದೇಶಗಳ ಮನುಷ್ಯರೂ ಹುಟ್ಟು, ಸಾವು, ತಾಯಿ, ಕತ್ತಲು, ನೀರುಗಳನ್ನು ಕಂಡೇ ಬೆಳೆದವರಾದ್ದರಿಂದ ಅವರ ಕಥೆಗಳು ಹೋಲುವುದು ಸಹಜ. ಆ ಹೋಲಿಕೆಯನ್ನು ವಿವರಿಸಲು ಹುಟ್ಟಿನಿಂದಲೇ ಬಂದ ಸಾಮೂಹಿಕ ಸುಪ್ತಮನಸ್ಸು ಇದೆಯೆಂದು ಒಪ್ಪಬೇಕೇ ಎಂಬ ಪ್ರಶ್ನೆಯನ್ನು ಒಮ್ಮೆಯಾದರೂ ಎತ್ತಬೇಕಿತ್ತು. 1921ರ ಗ್ರಂಥದಲ್ಲಿ ಬಂದ ಅಂತರ್ಮುಖಿ, ಬಹಿರ್ಮುಖಿ ವಿಂಗಡಣೆಯ ಪಾಠದ ಕೊನೆಗೆ ‘ನೀವು ಯಾವ ಬಗೆಯವರು’ ಎಂಬ ಪ್ರಶ್ನಾವಳಿಯನ್ನು ಜೋಡಿಸಿರುವುದಂತೂ ನನಗೆ ಹಿಡಿಸಲಿಲ್ಲ. ಜನರಿಗೆ ಹಣೆಪಟ್ಟಿ ಅಂಟಿಸಲು ತಮ್ಮ ವಿಂಗಡಣೆಯನ್ನು ಬಳಸುವುದನ್ನು ಯೂಂಗ್ ಅವರೇ ಆಕ್ಷೇಪಿಸಿದ್ದರು.

ಐದನೆಯ ಉಪನ್ಯಾಸ ಆಡ್ಲರ್ ಅವರದು, ಮತ್ತು ಅದರ ಆರಂಭವನ್ನು ನಾನು ಎರಡು ಬಾರಿ ಕೇಳಿದೆ. ಬಾಲ್ಯದಲ್ಲಿ ಮೂಳೆಗಳು ಮೆತ್ತಗಾಗುವ ರಿಕೆಟ್ಸ್‌ನಿಂದ ನರಳಿದ, ನ್ಯುಮೋನಿಯಾ ಬಂದು ಸಾವಿನ ಅಂಚಿಗೆ ಹೋಗಿ ಬಂದ ಹುಡುಗ ವೈದ್ಯನಾಗಲು ನಿಶ್ಚಯಿಸಿದ ಕಥೆ ಹಲವರಿಗೆ ಗೊತ್ತು. ಅದಕ್ಕಿಂತ ಮಹತ್ವದ್ದು ಸ್ಮಶಾನದ ಕಥೆ. ಶಾಲೆಗೆ ಹೋಗುವ ದಾರಿಯಲ್ಲಿ ಒಂದು ಸ್ಮಶಾನವಿತ್ತು, ಅದನ್ನು ದಾಟಲು ತಮಗೆ ಮಾತ್ರ ಭಯವಾಗುತ್ತಿತ್ತು, ಒಂದು ದಿನ ಆ ಭಯ ಹೋಗುವವರೆಗೂ ಅದರೊಳಗೆ ಹಿಂದಕ್ಕೂ ಮುಂದಕ್ಕೂ ಓಡಿ ಗೆದ್ದೆ ಎಂದು ಆಡ್ಲರ್ ನೆನಪಿಟ್ಟುಕೊಂಡಿದ್ದರು. ದೊಡ್ಡವರಾದ ಮೇಲೆ ಹಳೆಯ ಸಹಪಾಠಿಯೊಬ್ಬರನ್ನು ಆ ಸ್ಮಶಾನದ ಬಗ್ಗೆ ಕೇಳಿದಾಗ, ಆ ದಾರಿಯಲ್ಲಿ ಸ್ಮಶಾನವೇ ಇರಲಿಲ್ಲ ಎಂಬ ಉತ್ತರ ಬಂತು. ಫ್ರಾಯ್ಡ್ ಅವರ ಕಣ್ಣಿನಿಂದ ನೋಡಿದರೆ ಇಂಥ ನೆನಪಿನ ಹಿಂದೆ ಮುಚ್ಚಿಹೋದ ಬೇರೊಂದು ಸಂಗತಿಯನ್ನು ಹುಡುಕಬೇಕು. ಆಡ್ಲರ್ ಹುಡುಕಿದ್ದು ಅದರ ಉಪಯೋಗವನ್ನು: ಅಂಜಿಕೆಯನ್ನು ಮೆಟ್ಟಿ ನಿಲ್ಲಬಲ್ಲೆ ಎಂದು ತನಗೆ ತಾನೇ ಹೇಳಿಕೊಳ್ಳಲು ಆ ಮನಸ್ಸಿಗೆ ಒಂದು ಸ್ಮಶಾನ ಬೇಕಾಗಿತ್ತು. ನೆನಪು ಹಿಂದಿನಿಂದ ತಳ್ಳುವುದಿಲ್ಲ, ಮುಂದಿರುವ ಗುರಿ ನೆನಪನ್ನು ಆರಿಸಿಕೊಳ್ಳುತ್ತದೆ ಎಂಬ ಈ ತಿರುವಿನಲ್ಲಿ ಆಡ್ಲರ್ ಏಕೆ 1911ರಲ್ಲಿ ಫ್ರಾಯ್ಡ್ ಅವರ ಬಳಗವನ್ನು ಬಿಡಬೇಕಾಯಿತು ಎಂಬುದು ಯಾವ ವ್ಯಾಖ್ಯಾನವೂ ಇಲ್ಲದೆ ಅರ್ಥವಾಗುತ್ತದೆ.

ತಾನು ಇತರರಿಗಿಂತ ಕಡಿಮೆ ಎಂಬ ಭಾವ ಆಡ್ಲರ್ ಅವರ ಸಿದ್ಧಾಂತದ ಕೇಂದ್ರ; ಅದಕ್ಕೆ ನಾವು ಬಳಸುವ ‘ಕೀಳರಿಮೆ’ ಎಂಬ ಪದದ ಬಗ್ಗೆಯೂ ಇಲ್ಲಿ ಒಂದು ಮಾತು. ಪದವೇನೋ ಅಂದವಾಗಿದೆ, ಬಳಕೆಯಲ್ಲಿ ಬೇರೂರಿದೆ. ಆದರೆ ಅದರೊಳಗೆ ‘ಅರಿಮೆ’ ಇದೆ, ಅಂದರೆ ತಿಳಿವು. ಆಡ್ಲರ್ ಹೇಳುವ ಕೀಳರಿಮೆಯ ಬಲವಿರುವುದೇ ಅದು ಪೂರ್ತಿ ಅರಿವಿಗೆ ಬಾರದೆ, ಜಂಬದ ರೂಪದಲ್ಲೋ ಅನಾರೋಗ್ಯದ ನೆವದಲ್ಲೋ ಕೆಲಸ ಮಾಡುವುದರಲ್ಲಿ. ಪುಸ್ತಿಕೆ ಇದನ್ನು ಗುರುತಿಸಿದ್ದರೆ ಓದುಗರಿಗೆ ಉಪಕಾರವಾಗುತ್ತಿತ್ತು.

ಇಷ್ಟು ಒಳ್ಳೆಯ ಉಪನ್ಯಾಸದ ಕೊನೆಗೆ ಬರುವ ಕಿರುಪರೀಕ್ಷೆ ಮನಸ್ಸಿಗೆ ಬೇಸರ ತಂದಿತು. ನೀವು ಮನೆಯಲ್ಲಿ ಎಷ್ಟನೆಯ ಮಗು ಎಂದು ಕೇಳಿ, ಮೊದಲನೆಯವರಾದರೆ ನಿಯಮಪಾಲಕರು, ನಡುವಿನವರಾದರೆ ಪೈಪೋಟಿಯವರು, ಕೊನೆಯವರಾದರೆ ಮುದ್ದಿನವರು ಎಂದು ಅದು ತೀರ್ಪು ಕೊಡುತ್ತದೆ. ಆಡ್ಲರ್ ಹುಟ್ಟಿನ ಸರದಿಯ ಬಗ್ಗೆ ಬರೆದದ್ದು ನಿಜ. ತಮ್ಮನೋ ತಂಗಿಯೋ ಬಂದಾಗ ಮೊದಲ ಮಗು ಸಿಂಹಾಸನ ಕಳೆದುಕೊಳ್ಳುತ್ತದೆ ಎಂಬ ಅವರ ಮಾತು ಇಂದಿಗೂ ಜೀವಂತವಾಗಿದೆ. ಆದರೆ 2015ರಲ್ಲಿ ಎರಡು ದೊಡ್ಡ ಅಧ್ಯಯನಗಳು ಪ್ರಕಟವಾದವು. ಒಂದು ಅಮೆರಿಕ, ಬ್ರಿಟನ್ ಮತ್ತು ಜರ್ಮನಿಗಳ 20,000ಕ್ಕೂ ಹೆಚ್ಚು ಜನರನ್ನು, ಇನ್ನೊಂದು ಅಮೆರಿಕದ ಸುಮಾರು 3,77,000 ಪ್ರೌಢಶಾಲಾ ವಿದ್ಯಾರ್ಥಿಗಳನ್ನು ಒಳಗೊಂಡಿತ್ತು. ಹುಟ್ಟಿನ ಸರದಿಗೂ ವ್ಯಕ್ತಿತ್ವದ ಮುಖ್ಯ ಗುಣಗಳಿಗೂ ಹೇಳಿಕೊಳ್ಳುವಂಥ ಸಂಬಂಧ ಎರಡರಲ್ಲೂ ಕಾಣಲಿಲ್ಲ. ಮಗು ತನ್ನ ಸ್ಥಾನಕ್ಕೆ ತಾನೇ ಕೊಟ್ಟುಕೊಳ್ಳುವ ಅರ್ಥ ಮುಖ್ಯ ಎಂದು ಆಡ್ಲರ್ ಒತ್ತಿ ಹೇಳಿದ್ದರಿಂದ, ಈ ಅಧ್ಯಯನಗಳ ಮುಂದೆಯೂ ಅವರ ಮೂಲ ವಿಚಾರಕ್ಕೆ ನಿಲ್ಲಲು ಜಾಗವಿದೆ. ಆದರೆ ಪಾಠಮಾಲೆಯ ಆ ಪರೀಕ್ಷೆಗೆ ಇಲ್ಲ. ಇದನ್ನು ವಿವರವಾಗಿ ಬರೆದು ಸಂಘಟಕರಿಗೆ ಕಳಿಸಿದೆ. ಮೂರು ವಾರಗಳ ನಂತರ, ಪರೀಕ್ಷೆ ಕಲಿಯುವವರ ಆಸಕ್ತಿ ಹೆಚ್ಚಿಸಲು ಮಾತ್ರ ಎಂಬ ಎರಡು ಸಾಲಿನ ಉತ್ತರ ಬಂತು. ತಮ್ಮ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಪಾಠ ಕೇಳುವ ತಂದೆ ತಾಯಂದಿರೂ ಇರುತ್ತಾರೆ ಎಂಬುದನ್ನು ಅವರು ಯೋಚಿಸಬೇಕಿತ್ತು.

ಫ್ರಾಯ್ಡ್ ಅವರ ಮಗಳು ಆನಾ ಫ್ರಾಯ್ಡ್ ಅವರನ್ನು ಕುರಿತ ಉಪನ್ಯಾಸ ಅಚ್ಚುಕಟ್ಟಾಗಿದೆ. 1936ರ ಅವರ ಗ್ರಂಥ ಅಹಂನ ರಕ್ಷಣಾತಂತ್ರಗಳನ್ನು, ಅಂದರೆ ನೋವು ತರುವುದನ್ನು ಅರಿವಿನಿಂದ ದೂರವಿಡುವ ಉಪಾಯಗಳನ್ನು, ಹೇಗೆ ಒಂದೆಡೆ ತಂದಿತು, ಬಚ್ಚಿಟ್ಟದ್ದು ಏನು ಎಂಬುದರಷ್ಟೇ ಬಚ್ಚಿಡುವ ಕೈ ಹೇಗೆ ಕೆಲಸ ಮಾಡುತ್ತದೆ ಎಂಬುದೂ ಹೇಗೆ ಮುಖ್ಯವಾಯಿತು ಎಂಬುದನ್ನು ತಿಳಿಯಾಗಿ ಹೇಳಿದ್ದಾರೆ.

ಇಡೀ ಪಾಠಮಾಲೆಯ ಜೀವ ಇರುವುದು ಏಳನೆಯ ಉಪನ್ಯಾಸದಲ್ಲಿ. ಕರೆನ್ ಹಾರ್ನೈ ಅವರಿಗೆ ಒಂದೇ ಉಪನ್ಯಾಸ ಕೊಟ್ಟು ಯೂಂಗ್ ಅವರಿಗೆ ಮೂರು ಕೊಟ್ಟಿರುವುದು ನನ್ನ ದೃಷ್ಟಿಯಲ್ಲಿ ಅನ್ಯಾಯ. ಹ್ಯಾಂಬರ್ಗ್ ಬಳಿ 1885ರಲ್ಲಿ ಹುಟ್ಟಿ, ಬರ್ಲಿನ್‌ನಲ್ಲಿ ಮನೋವಿಶ್ಲೇಷಕಿಯಾಗಿ ಬೆಳೆದು, 1932ರಲ್ಲಿ ಅಮೆರಿಕಕ್ಕೆ ಹೋದ ಹಾರ್ನೈ, ಹೆಣ್ಣಿನ ಮನಸ್ಸಿನ ಬಗ್ಗೆ ಫ್ರಾಯ್ಡ್ ಹೇಳಿದ್ದನ್ನು ನೇರವಾಗಿ ಪ್ರಶ್ನಿಸಿದವರು. ಅವರ ವಿಚಾರಗಳು ಸಂಪ್ರದಾಯಕ್ಕೆ ಹೊಂದುವುದಿಲ್ಲವೆಂದು 1941ರಲ್ಲಿ ನ್ಯೂಯಾರ್ಕ್‌ನ ಮನೋವಿಶ್ಲೇಷಣಾ ಸಂಘ ಅವರನ್ನು ಬೋಧಕ ಸ್ಥಾನದಿಂದ ಇಳಿಸಿದಾಗ, ಅವರು ಸಭೆಯಿಂದ ಎದ್ದುಹೋಗಿ ಅದೇ ವರ್ಷ ತಮ್ಮದೇ ಸಂಘವನ್ನು ಕಟ್ಟಿದರು. ದೊಡ್ಡದಾದ, ಒಲಿಯದ ಜಗತ್ತಿನಲ್ಲಿ ತಾನೊಬ್ಬನೇ, ನಿಸ್ಸಹಾಯಕ ಎಂಬ ಮಗುವಿನ ಭಾವವನ್ನು ಅವರು ಮೂಲ ಆತಂಕ ಎಂದು ಕರೆದರು. ಅದರಿಂದ ಪಾರಾಗಲು ಜನರ ಕಡೆಗೆ ಸರಿಯುವುದು, ಜನರ ವಿರುದ್ಧ ನಿಲ್ಲುವುದು, ಜನರಿಂದ ದೂರವಾಗುವುದು ಎಂಬ ಮೂರು ದಾರಿಗಳಿವೆ. ಆರೋಗ್ಯವಂತರು ಸಂದರ್ಭ ನೋಡಿ ಮೂರರಲ್ಲೂ ನಡೆಯುತ್ತಾರೆ, ನೊಂದ ಮನಸ್ಸು ಒಂದಕ್ಕೇ ಅಂಟಿಕೊಳ್ಳುತ್ತದೆ.

1950ರ ಗ್ರಂಥದಲ್ಲಿ ಹಾರ್ನೈ ವಿವರಿಸಿದ ‘ಬೇಕು’ಗಳ ದಬ್ಬಾಳಿಕೆಯನ್ನು ಕುರಿತ ಭಾಗ, ಕನ್ನಡದಲ್ಲಿ ಕೇಳಿದಾಗ ಮೂಲಕ್ಕಿಂತ ಹೆಚ್ಚು ಹೊಳಪು ಪಡೆದಿದೆ ಎಂದು ಧೈರ್ಯವಾಗಿ ಹೇಳುತ್ತೇನೆ. ತಾನು ಹೀಗಿರಬೇಕೆಂದು ಕಲ್ಪಿಸಿಕೊಂಡ ಆದರ್ಶ ಮೂರ್ತಿ ಒಳಗಿನಿಂದ ಆಜ್ಞೆ ಹೊರಡಿಸುತ್ತಿರುತ್ತದೆ: ಎಲ್ಲವನ್ನೂ ಸಹಿಸಬೇಕು, ಎಲ್ಲರನ್ನೂ ಅರ್ಥಮಾಡಿಕೊಳ್ಳಬೇಕು, ಎಂದೂ ದಣಿಯಬಾರದು. ಉಪನ್ಯಾಸಕಿಯವರು ಇಲ್ಲಿ ನಮ್ಮ ಭಾಷೆಯ ಒಂದು ಗುಣವನ್ನು ಎತ್ತಿಕೊಳ್ಳುತ್ತಾರೆ. ಕನ್ನಡದಲ್ಲಿ ‘ನನಗೆ ನೀರು ಬೇಕು’ ಎಂಬಲ್ಲಿಯೂ ‘ನಾನು ಹೋಗಬೇಕು’ ಎಂಬಲ್ಲಿಯೂ ಇರುವುದು ಒಂದೇ ‘ಬೇಕು’. ಆಸೆಗೂ ಕಟ್ಟಳೆಗೂ ನಾವು ಒಂದೇ ಪದವನ್ನು ದುಡಿಸುತ್ತೇವೆ. ಕಟ್ಟಳೆಯು ಆಸೆಯ ವೇಷದಲ್ಲಿ ಬರುತ್ತದೆ ಎಂದು ಹಾರ್ನೈ ಹಲವು ಪುಟಗಳಲ್ಲಿ ವಿವರಿಸಿದ್ದನ್ನು ಕನ್ನಡ ವ್ಯಾಕರಣ ಒಂದೇ ಪದದಲ್ಲಿ ಅಡಗಿಸಿಟ್ಟುಕೊಂಡಿದೆ.

ಅಭ್ಯಾಸವೂ ಅದನ್ನೇ ಆಧರಿಸಿದೆ. ಒಂದು ಇಡೀ ದಿನ, ಬಾಯಿಂದ ಬಂದ ಅಥವಾ ಮನಸ್ಸಿನಲ್ಲಿ ಮೂಡಿದ ಪ್ರತಿ ‘ಬೇಕು’ ವಾಕ್ಯವನ್ನು ನೋಟುಪುಸ್ತಕದಲ್ಲಿ ಬರೆದುಕೊಂಡು, ರಾತ್ರಿ ಅದನ್ನು ‘ನನಗೆ ಬೇಕು’ ಮತ್ತು ‘ನಾನು ಮಾಡಬೇಕು’ ಎಂದು ಎರಡು ಭಾಗ ಮಾಡಬೇಕು. ನನ್ನ ಪಟ್ಟಿಯಲ್ಲಿ 41 ವಾಕ್ಯಗಳಿದ್ದವು. ಮೊದಲ ಗುಂಪಿಗೆ ಸೇರಿದವು ನಾಲ್ಕು. ‘ಇವತ್ತೇ ಮುಗಿಸಬೇಕು’, ‘ಅವರಿಗೆ ಬೇಜಾರಾಗದ ಹಾಗೆ ಹೇಳಬೇಕು’, ‘ಯಾರು ಕೇಳಿದರೂ ಇಲ್ಲವೆನ್ನಬಾರದು’ ಎಂಬ ವಾಕ್ಯಗಳು ಬೇರೆ ಬೇರೆ ರೂಪದಲ್ಲಿ ಮರುಕಳಿಸಿದ್ದವು. ಆಮೇಲೆ ಪುಸ್ತಿಕೆ ಕೇಳುವ ಪ್ರಶ್ನೆ ಇದು: ಈ ಆಜ್ಞೆಯನ್ನು ಪಾಲಿಸದಿದ್ದರೆ ನಿಮ್ಮನ್ನು ಬೈಯುವವರು ಯಾರು? ಮೂರನೆಯ ವಾಕ್ಯದ ಮುಂದೆ ಯಾರ ಹೆಸರನ್ನೂ ಬರೆಯಲಾಗಲಿಲ್ಲ. ಬೈಯುವವರು ಹೊರಗೆ ಯಾರೂ ಇರಲಿಲ್ಲ. ಬಾಲ್ಯದ ಯಾವ ರಹಸ್ಯವನ್ನೂ ಅಗೆಯದೆ, ಆ ದಿನದ ಮಾತುಗಳಿಂದಲೇ ಸುಪ್ತಮನಸ್ಸಿನ ಕೆಲಸವನ್ನು ಕಣ್ಣೆದುರಿಗೆ ತಂದಿಟ್ಟ ಈ ಅಭ್ಯಾಸವೊಂದಕ್ಕೇ ಕಟ್ಟಿದ ಶುಲ್ಕ ಸಂದಿತು.

ಸಮಾಜದ ಪ್ರಭಾವಕ್ಕೆ ಒತ್ತು ಕೊಟ್ಟ ಎರಿಕ್ ಫ್ರಾಮ್ ಮತ್ತು ಜನರ ನಡುವಿನ ಸಂಬಂಧಗಳಿಗೆ ಒತ್ತು ಕೊಟ್ಟ ಹ್ಯಾರಿ ಸ್ಟಾಕ್ ಸಲಿವನ್ ಅವರನ್ನು ಒಂದೇ ಉಪನ್ಯಾಸದಲ್ಲಿ ತುರುಕಿರುವುದರಿಂದ ಇಬ್ಬರೂ ಸರಿಯಾಗಿ ಮನಸ್ಸಿಗೆ ಇಳಿಯುವುದಿಲ್ಲ. ಹುಟ್ಟಿನಿಂದ ಮುಪ್ಪಿನವರೆಗೆ ವ್ಯಕ್ತಿತ್ವ ಬೆಳೆಯುವ ಬಗ್ಗೆ ಎರಿಕ್ ಎರಿಕ್ಸನ್ ಹೇಳಿದ ಎಂಟು ಹಂತಗಳ ಪಾಠ ಪಠ್ಯಪುಸ್ತಕದ ಮಟ್ಟದಲ್ಲೇ ಇದೆ. ಹುಟ್ಟಿಸಿದ ತಂದೆ ಯಾರೆಂದು ತಿಳಿಯದೆ ಬೆಳೆದು, ಮಲತಂದೆಯ ಹೆಸರು ಹೊತ್ತು, ಅಮೆರಿಕದಲ್ಲಿ ತಾನೇ ‘ಎರಿಕ್ಸನ್’ ಎಂಬ ಹೆಸರಿಟ್ಟುಕೊಂಡ ಮನುಷ್ಯನೇ ಅಸ್ಮಿತೆಯ ಬಿಕ್ಕಟ್ಟಿನ ಬಗ್ಗೆ ಬರೆದನೆಂಬ ಸಂಗತಿಯನ್ನಾದರೂ ಹೇಳಬಹುದಿತ್ತು.

ಹತ್ತು ಮತ್ತು ಹನ್ನೊಂದನೆಯ ಉಪನ್ಯಾಸಗಳಲ್ಲಿ ಪಾಠ ಮತ್ತೆ ಚೇತರಿಸಿಕೊಳ್ಳುತ್ತದೆ. ಡೊನಾಲ್ಡ್ ವಿನಿಕಾಟ್ ಮಕ್ಕಳ ವೈದ್ಯರಾಗಿ ಗಮನಿಸಿದ, ಮಗು ಎಲ್ಲಿಗೆ ಹೋದರೂ ಎಳೆದುಕೊಂಡು ಹೋಗುವ ಮಾಸಿದ ಹೊದಿಕೆಯ ವಿವರಣೆ ಹೃದ್ಯವಾಗಿದೆ. ಆ ಹೊದಿಕೆಯನ್ನು ತಾಯಿ ಒಗೆದರೆ ಅದರ ವಾಸನೆಯ ಜೊತೆಗೆ ಮಗುವಿನ ಪಾಲಿಗೆ ಅದರ ಅರ್ಥವೂ ಕೆಡುತ್ತದೆ. ಅದು ನೀನು ಕಂಡುಕೊಂಡದ್ದೋ ಕಲ್ಪಿಸಿಕೊಂಡದ್ದೋ ಎಂದು ಮಗುವನ್ನು ಯಾರೂ ಕೇಳಬಾರದು ಎಂಬುದು ವಿನಿಕಾಟ್ ಅವರ ನಿಲುವು. ತಾಯಿ ಮಗುವಿನ ನಂಟನ್ನು ಕುರಿತ ಜಾನ್ ಬೌಲ್ಬಿ ಅವರ ವಿಚಾರಗಳನ್ನು ಮೇರಿ ಏನ್ಸ್‌ವರ್ತ್ ಅವರ ಪ್ರಯೋಗದ ಮೂಲಕ ಹೇಳಿರುವುದೂ ಒಳ್ಳೆಯ ಆಯ್ಕೆ. ಒಂದು ವರ್ಷದ ಆಸುಪಾಸಿನ ಮಗುವನ್ನು ಅಪರಿಚಿತ ಕೋಣೆಯಲ್ಲಿ ಬಿಟ್ಟು ತಾಯಿ ಕೆಲವು ನಿಮಿಷ ಹೊರಗೆ ಹೋಗುತ್ತಾಳೆ. ತಾಯಿ ಹೋದಾಗ ಮಗು ಎಷ್ಟು ಅತ್ತಿತು ಎಂಬುದಕ್ಕಿಂತ, ಅವಳು ಮರಳಿದಾಗ ಏನು ಮಾಡಿತು ಎಂಬುದನ್ನು ಹೆಚ್ಚು ಗಮನಿಸಲಾಗುತ್ತಿತ್ತು. ಮುಖ ತಿರುಗಿಸಿ ಆಟಿಕೆಯಲ್ಲಿ ಮುಳುಗುವ ಮಗುವನ್ನು ಹಾರ್ನೈ ಅವರ ‘ದೂರ ಸರಿಯುವಿಕೆ’ಯ ಪಕ್ಕದಲ್ಲಿಟ್ಟು ನೋಡಿದ್ದರೆ ಇನ್ನೂ ಚೆನ್ನಾಗಿತ್ತು, ಆ ಕೆಲಸವನ್ನು ಕೇಳುವವರಿಗೇ ಬಿಟ್ಟಿದ್ದಾರೆ.

ಕೊನೆಯ ಉಪನ್ಯಾಸದ ಹೆಸರು ‘ಇಂದಿನ ವಿಜ್ಞಾನದಲ್ಲಿ ಸುಪ್ತಮನಸ್ಸು’. ಪ್ರಯೋಗಗಳು ಈ ಚಿಂತಕರನ್ನು ಸಮರ್ಥಿಸಿವೆ ಎಂಬ ಒಂದೇ ಮಾತನ್ನು ಅದು ಮತ್ತೆ ಮತ್ತೆ ಹೇಳುತ್ತದೆ, ಮತ್ತು ನನ್ನ ಅತಿ ದೊಡ್ಡ ತಕರಾರು ಇದೇ. ಅರಿವಿಗೆ ಬಾರದೆ ಮನಸ್ಸು ಎಷ್ಟೋ ಕೆಲಸ ಮಾಡುತ್ತದೆ ಎಂಬುದು ಸಾಬೀತಾಗಿದೆ. ಹಾಗೆ ಸಾಬೀತಾದ ಸುಪ್ತಮನಸ್ಸು ಫ್ರಾಯ್ಡ್ ಅಥವಾ ಯೂಂಗ್ ಅವರದೇ ಎಂದು ಹೇಳಲಾಗದು. ಜಿನೀವಾದ ವೈದ್ಯ ಎದುವಾರ್ ಕ್ಲಾಪರೇಡ್ 1911ರಲ್ಲಿ, ಅಂದರೆ ಆಡ್ಲರ್ ಫ್ರಾಯ್ಡ್ ಅವರಿಂದ ದೂರವಾದ ವರ್ಷದಲ್ಲೇ, ಹೊಸ ನೆನಪುಗಳನ್ನು ಉಳಿಸಿಕೊಳ್ಳಲಾಗದ ಮಹಿಳೆಯೊಬ್ಬರ ವೃತ್ತಾಂತವನ್ನು ಪ್ರಕಟಿಸಿದರು. ಬೆರಳುಗಳ ನಡುವೆ ಗುಂಡುಸೂಜಿ ಬಚ್ಚಿಟ್ಟುಕೊಂಡು ಅವರು ಆಕೆಯ ಕೈ ಚುಚ್ಚಿದ್ದರು. ಆ ಘಟನೆ ಆಕೆಯ ನೆನಪಿನಿಂದ ಪೂರ್ತಿ ಅಳಿದುಹೋಯಿತು. ಆದರೂ ಮುಂದೆ ಅವರು ಕೈ ಚಾಚಿದಾಗ ಆಕೆ ತನ್ನ ಕೈ ಹಿಂದಕ್ಕೆಳೆದುಕೊಂಡರು. ಏಕೆಂದು ಕೇಳಿದರೆ, ಕೈಯಲ್ಲಿ ಸೂಜಿ ಇರಬಹುದಲ್ಲವೇ ಎಂಬರ್ಥದ ಮಾತು ಹೇಳಿದರು. ಆ ಕೈ ಹಿಂದೆ ಸರಿದದ್ದು ಯಾವ ನಾಚಿಕೆಯನ್ನೂ ಮುಚ್ಚಿಡಲು ಅಲ್ಲ. ಅಲ್ಲಿ ಅದುಮಿಟ್ಟ ಆಸೆ ಇಲ್ಲ, ಮೂಲಪ್ರತಿಮೆ ಇಲ್ಲ, ಆದರ್ಶ ಮೂರ್ತಿಯೂ ಇಲ್ಲ. ಅರಿವಿನ ಹಾದಿ ತುಳಿಯದ ಕಲಿಕೆ ಮಾತ್ರ ಇದೆ. ಈ ಒಂದು ಉದಾಹರಣೆಯನ್ನು ಎದುರಿಗಿಟ್ಟುಕೊಂಡು, ನವಮನೋವಿಶ್ಲೇಷಕರ ಯಾವ ಮಾತು ಇದರ ಜೊತೆ ಹೊಂದುತ್ತದೆ, ಯಾವುದು ಹೊಂದುವುದಿಲ್ಲ ಎಂದು ಕೇಳಿದ್ದರೆ ಕೊನೆಯ ಉಪನ್ಯಾಸ ಇಡೀ ಪಾಠಮಾಲೆಯನ್ನು ಎತ್ತಿ ಹಿಡಿಯುತ್ತಿತ್ತು. ಆಡ್ಲರ್ ಮತ್ತು ಹಾರ್ನೈ ಅಂಥ ಪರೀಕ್ಷೆಯಲ್ಲಿ ಸೋಲುತ್ತಿರಲಿಲ್ಲ ಎಂದು ನನ್ನ ನಂಬಿಕೆ.

ಪುಸ್ತಿಕೆಗಳಲ್ಲಿ ಪಾರಿಭಾಷಿಕ ಪದಗಳನ್ನು ಒಮ್ಮೆ ಯಾರಾದರೂ ಕೂತು ಸರಿಪಡಿಸಬೇಕು. ಒಂದೇ ಪರಿಕಲ್ಪನೆಗೆ ಎರಡನೆಯ ಪುಸ್ತಿಕೆಯಲ್ಲಿ ‘ಸುಪ್ತಪ್ರಜ್ಞೆ’, ಆರನೆಯದರಲ್ಲಿ ‘ಅಚೇತನ’, ಹತ್ತನೆಯದರಲ್ಲಿ ‘ಅಪ್ರಜ್ಞೆ’ ಎಂದಿದೆ. ಹೊಸಬರು ಇವು ಮೂರು ಬೇರೆ ಬೇರೆ ಸಂಗತಿಗಳೆಂದು ತಿಳಿದರೆ ತಪ್ಪು ಅವರದಲ್ಲ. ಒಂಬತ್ತನೆಯ ಉಪನ್ಯಾಸದ ಕೊನೆಯ ಹತ್ತು ನಿಮಿಷ ಧ್ವನಿ ಎಷ್ಟು ಸಣ್ಣದಾಗಿದೆಯೆಂದರೆ ಇಯರ್‌ಫೋನ್ ಇಲ್ಲದೆ ಕೇಳಿಸುವುದಿಲ್ಲ. ಪ್ರಶ್ನೆಗಳಿಗೆ ಉತ್ತರ ಬರುವುದು ತಡ. ಚಿಕಿತ್ಸೆಯ ಅಗತ್ಯವಿರುವವರು ಇದನ್ನು ಅದಕ್ಕೆ ಬದಲಿಯೆಂದು ಭಾವಿಸಬಾರದು ಎಂಬ ಎಚ್ಚರಿಕೆಯನ್ನು ಏಳನೆಯ ಪುಸ್ತಿಕೆಯಲ್ಲಿ ಮಾತ್ರ ಮುದ್ರಿಸಿದ್ದಾರೆ. ಅದು ಮೊದಲ ಪುಟದಲ್ಲೇ ಇರಬೇಕಿತ್ತು.

ಸೇರುವವರು ಎರಡನೆಯ, ಐದನೆಯ ಮತ್ತು ಏಳನೆಯ ಉಪನ್ಯಾಸಗಳನ್ನು ಅಭ್ಯಾಸಗಳ ಸಮೇತ ಮೊದಲು ಮುಗಿಸಿ, ಆಮೇಲೆ ಉಳಿದವಕ್ಕೆ ಬರುವುದು ಒಳ್ಳೆಯದು. ಪಾಠಗಳು ಒಂದು ವರ್ಷ ತೆರೆದಿರುತ್ತವೆ. ಆ ‘ಬೇಕು’ ಪಟ್ಟಿಯನ್ನು ಮತ್ತೊಂದು ದಿನ ಬರೆದು ಮೊದಲಿನದರ ಪಕ್ಕದಲ್ಲಿಟ್ಟು ನೋಡಲು ಹೊಸ ನೋಟುಪುಸ್ತಕವೊಂದನ್ನು ತೆಗೆದಿಟ್ಟಿದ್ದೇನೆ. ಸೆಳೆಖಾನೆಯಲ್ಲಿದ್ದ ಪತ್ರಕ್ಕೆ ಕಳೆದ ವಾರ ಉತ್ತರ ಬರೆದೆ.